ಹತ್ತೊಂಬತ್ತನೆಯವನನ್ನು ಯಾರು ನೆನಪಿಟ್ಟುಕೊಳ್ಳಬೇಕು?

ವೀಕ್ಷಕರೇ, ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡ್ತೀನಿ. 1920ರಲ್ಲಿ ಭಾರತದ ಮೊದಲ ಒಲಿಂಪಿಕ್ ತಂಡ ಹಡಗು ಹತ್ತಿತಲ್ಲ, ಅದರಲ್ಲಿ ನಮ್ಮ ಬೆಳಗಾವಿ ಸೀಮೆಯ ಒಬ್ಬ ಓಟಗಾರ ಇದ್ದ. ಅವನ ಹೆಸರು ಹೇಳಿ ನೋಡೋಣ.

ಗೊತ್ತಿಲ್ಲ ಅಲ್ವಾ? ಬೇಜಾರು ಮಾಡ್ಕೋಬೇಡಿ. ಕ್ರಿಕೆಟ್ ಆಟಗಾರನ ಹೆಂಡತಿಯ ಹೆಸರು, ಅವರ ಮಗುವಿನ ಹೆಸರು, ಮನೆ ನಾಯಿಯ ಹೆಸರೂ ನಮಗೆ ಗೊತ್ತಿರುತ್ತೆ. ಈ ಹೆಸರು ಮಾತ್ರ ಯಾರೂ ನಮಗೆ ಹೇಳಿಕೊಡಲಿಲ್ಲ. ಫಡೆಪ್ಪ ದರೆಪ್ಪ ಚೌಗುಲೆ. ಓಡಿದ್ದು ಮ್ಯಾರಥಾನ್. ಓಡಿದ ಊರು ಬೆಲ್ಜಿಯಂ ದೇಶದ ಆಂಟ್‌ವರ್ಪ್. ದಿನಾಂಕ 1920ರ ಆಗಸ್ಟ್ 22. ಬಂದ ಸ್ಥಾನ ಹತ್ತೊಂಬತ್ತು.

"ಹತ್ತೊಂಬತ್ತಾ? ಅಷ್ಟೇನಾ?" ಅಂತ ನಿಮ್ಮಲ್ಲಿ ಕೆಲವರಾದರೂ ಅಂದಿರ್ತೀರಿ. ಆ 'ಅಷ್ಟೇನಾ' ಅನ್ನೋ ಮಾತಿನ ಬಗ್ಗೆಯೇ ಇವತ್ತಿನ ನನ್ನ ಮಾತು.

ಮೊದಲು ಭೂಪಟ ನೋಡೋಣ. ಅಥಣಿ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸುಗಳ ಬೋರ್ಡು ಓದಿದರೆ ಸಾಕು, ಆ ಸೀಮೆಯ ಇತಿಹಾಸ ಅರ್ಧ ತಿಳಿಯುತ್ತೆ. ಒಂದು ಬಸ್ಸು ಬೆಳಗಾವಿಗೆ, ಒಂದು ಹುಬ್ಬಳ್ಳಿಗೆ, ಇನ್ನೊಂದು ಮಿರಜ್ ಕಡೆಗೆ. ಮಿರಜ್ ದಾಟಿದರೆ ಕೊಲ್ಹಾಪುರ, ಇನ್ನೂ ಮೇಲೆ ಹೋದರೆ ಸತಾರಾ. ಈಗ 1920ರ ತಂಡದ ಪಟ್ಟಿ ತೆಗೆಯಿರಿ. ಇದ್ದವರು ಒಟ್ಟು ಆರೇ ಜನ. ಬೆಳಗಾವಿಯ ಚೌಗುಲೆ, ಹುಬ್ಬಳ್ಳಿಯ ಕೈಕಾಡಿ, ಸತಾರಾದ ಸದಾಶಿವ ದಾತಾರ್, ಬಂಗಾಳದ ಪೂರ್ಮಾ ಬ್ಯಾನರ್ಜಿ. ಈ ನಾಲ್ವರು ಓಟಗಾರರು. ಇಬ್ಬರು ಪೈಲ್ವಾನರು, ಕೊಲ್ಹಾಪುರದ ರಣಧೀರ ಶಿಂದೆ ಮತ್ತು ಮುಂಬಯಿಯ ಕುಮಾರ ನವಲೆ. ಗಮನಿಸಿದ್ರಾ? ಇಡೀ ಹಿಂದೂಸ್ತಾನದಿಂದ ಆರಿಸಿದ ಆರು ಜನರಲ್ಲಿ ನಾಲ್ಕು ಜನ ಅಥಣಿಯಿಂದ ಒಂದು ದಿನದ ಬಸ್ ಪ್ರಯಾಣದ ಊರುಗಳಿಂದ ಬಂದವರು.

ಅವರು ಕನ್ನಡದವರಾ ಮರಾಠಿಯವರಾ ಅನ್ನೋ ಜಗಳ ಈಗ ತೆಗೀಬೇಡಿ. ಅವತ್ತು ಕರ್ನಾಟಕ ಇರಲಿಲ್ಲ, ಮಹಾರಾಷ್ಟ್ರವೂ ಇರಲಿಲ್ಲ. ಬೆಳಗಾವಿ ಜಿಲ್ಲೆ, ಅದರೊಳಗಿನ ಅಥಣಿ, ಚಿಕ್ಕೋಡಿ ಎಲ್ಲವೂ ಮುಂಬಯಿ ಪ್ರಾಂತ್ಯದಲ್ಲಿದ್ದವು. ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಚೌಗುಲೆ ಅನ್ನೋದು ಮೂಲತಃ ಊರ ಪಾಟೀಲನ ಕೈಕೆಳಗಿನ ಒಂದು ಹುದ್ದೆಯ ಹೆಸರು. ಅಥಣಿ, ರಾಯಬಾಗ, ಕಾಗವಾಡದಲ್ಲಿ ಇವತ್ತಿಗೂ ಚೌಗುಲೆ, ಚೌಗಲಾ ಅನ್ನೋ ಅಡ್ಡಹೆಸರಿನವರು ಸಿಗ್ತಾರೆ. ಫಡೆಪ್ಪ, ದರೆಪ್ಪ. ಅಪ್ಪ-ಮಗ ಇಬ್ಬರ ಹೆಸರಿನ ಕೊನೆಗೂ 'ಅಪ್ಪ' ಇದೆ. ಗಡಿ ಸೀಮೆಯ ಮನೆಗಳಲ್ಲಿ ಒಂದು ಭಾಷೆ ಅಂಗಳದಲ್ಲಿರುತ್ತೆ, ಇನ್ನೊಂದು ಅಡುಗೆಮನೆಯಲ್ಲಿರುತ್ತೆ. ಎರಡರ ನಡುವೆ ಗೋಡೆ ಕಟ್ಟಿದ್ದು ನಾವು, ಆಮೇಲೆ.

ಯಾಕೆ ಈ ಸೀಮೆಯವರೇ? ಕಾರಣ ಇದೆ. ಕೊಲ್ಹಾಪುರದ ಶಾಹೂ ಮಹಾರಾಜರು ಕುಸ್ತಿಯ ಹುಚ್ಚಿನವರು. 1912ರಲ್ಲಿ ಕಟ್ಟಿಸಿದ ಖಾಸಬಾಗ್ ಮೈದಾನ ಇವತ್ತಿಗೂ ಇದೆ. ಆ ಗಾಳಿ ಗಡಿಯಾಚೆ ಈಚೆ ಅಂತ ನೋಡದೆ ಬೀಸಿತ್ತು. ಊರಿಗೊಂದು ತಾಲೀಮು, ಜಾತ್ರೆಗೊಂದು ಕುಸ್ತಿ. ಗುಂಡು ಎತ್ತೋದು, ಚೀಲ ಹೊರೋದು, ಎತ್ತಿನ ಗಾಡಿಯ ಶರ್ಯತ್ತು. ದೇಹ ದುಡಿಸೋದು ಅಲ್ಲಿ ವ್ಯಾಯಾಮ ಆಗಿರಲಿಲ್ಲ, ಬದುಕೇ ಆಗಿತ್ತು. ಬೆಳಗ್ಗೆ ಹೊಲ, ಸಂಜೆ ತಾಲೀಮು. ಆ ಕಾಲದಲ್ಲಿ ಹತ್ತು ಹದಿನೈದು ಮೈಲಿ ನಡೆದು ಸಂತೆಗೆ ಹೋಗಿ, ಅಷ್ಟೇ ದೂರ ನಡೆದು ವಾಪಸ್ ಬರೋ ಜನರಿಗೆ ಸಹನಶಕ್ತಿ ಅನ್ನೋ ಪದವೇ ಬೇಕಾಗಿರಲಿಲ್ಲ.

ಅದೇ ಜನರನ್ನ ಒಬ್ಬ ಶ್ರೀಮಂತ ಕಣ್ಣರಳಿಸಿ ನೋಡಿದ. ಜಮಶೇಟ್‌ಜಿ ಟಾಟಾ ಅವರ ಮಗ ಸರ್ ದೊರಾಬ್‌ಜಿ ಟಾಟಾ. ಪುಣೆಯ ಡೆಕ್ಕನ್ ಜಿಮ್ಖಾನಾದ ಅಧ್ಯಕ್ಷರು. 1919ರಲ್ಲಿ ಅಲ್ಲಿ ನಡೆದ ಕ್ರೀಡಾಕೂಟಕ್ಕೆ ಮುಂಬಯಿ ಗವರ್ನರ್ ಜಾರ್ಜ್ ಲಾಯ್ಡ್ ಅವರನ್ನೂ ಕರೆಸಿದ್ದರು. ದೂರದ ಓಟಕ್ಕೆ ಬಂದವರಲ್ಲಿ ಬಹುಪಾಲು ರೈತಾಪಿ ಜನ. ಗಟ್ಟಿ ರಸ್ತೆ. ಬರಿಗಾಲು. ನಿಯಮ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಓಡುವವರ ಜೊತೆ ಅಪ್ಪಂದಿರು, ಗೆಳೆಯರೂ ಹುರಿದುಂಬಿಸುತ್ತಾ ಓಡ್ತಿದ್ದರು. ಆದರೆ ಗಡಿಯಾರ ನೋಡಿದ ದೊರಾಬ್‌ಜಿಗೆ ಆಶ್ಚರ್ಯ. ಯುರೋಪಿನ ಓಟಗಾರರ ಸಮಯಕ್ಕೆ ಹೋಲಿಸಬಹುದಾದ ಓಟ ಅದು! ಹತ್ತು ವರ್ಷದ ಮೇಲೆ, 1929ರಲ್ಲಿ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧ್ಯಕ್ಷರಿಗೆ ಬರೆದ ಪತ್ರದಲ್ಲೂ ಅವರು ಆ ದಿನವನ್ನ ನೆನೆಸಿಕೊಂಡಿದ್ದಾರೆ.

ಅಥಣಿಯವರಿಗೆ ಈ ಬರಿಗಾಲಿನ ಮಾತು ಸ್ವಲ್ಪ ಚುಚ್ಚಬಹುದು. ಯಾಕಂದ್ರೆ ಅಥಣಿ ಚಪ್ಪಲಿಯ ಊರು. ಕೊಲ್ಹಾಪುರಿ ಚಪ್ಪಲಿ ಅಂತ ಜಗತ್ತು ಕರೆಯೋದನ್ನ ಅಥಣಿಯ ಸಮಗಾರ ಮನೆಗಳಲ್ಲೂ ತಲೆತಲಾಂತರದಿಂದ ಹೊಲೀತಾ ಬಂದಿದ್ದಾರೆ. 2019ರಲ್ಲಿ ಆ ಚಪ್ಪಲಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ಊರಿಗೆಲ್ಲ ಚಪ್ಪಲಿ ಕೊಟ್ಟ ಸೀಮೆ ಇದು. ಆದರೂ ದೂರ ಓಡಬೇಕು ಅಂದ್ರೆ ಇಲ್ಲಿಯ ಮನುಷ್ಯ ಚಪ್ಪಲಿ ಬಿಚ್ಚಿಟ್ಟು, ತನ್ನ ಅಂಗಾಲನ್ನೇ ನಂಬಿದ.

ತಂಡಕ್ಕೆ ಸರ್ಕಾರ ಸ್ವಲ್ಪ ಹಣ ಕೊಟ್ಟಿತು. ದೊರಾಬ್‌ಜಿ ತಮ್ಮ ಕೈಯಿಂದ ಹಾಕಿದರು. 1920ರ ಬೇಸಿಗೆಯಲ್ಲಿ ಆಯ್ಕೆ, ಜೂನ್‌ನಲ್ಲಿ ಹಡಗು, ಇಂಗ್ಲೆಂಡಿನಲ್ಲಿ ಕೆಲವು ವಾರಗಳ ಅಭ್ಯಾಸ, ಆಮೇಲೆ ಬೆಲ್ಜಿಯಂ. ಈಗ ಕ್ಯಾಲೆಂಡರ್ ಮೇಲೆ ಒಂದು ಬೆರಳಿಡಿ. ಆ ತಂಡ ಮುಂಬಯಿ ಬಿಡುವಾಗ ಲೋಕಮಾನ್ಯ ತಿಲಕರು ಬದುಕಿದ್ದರು. 1920ರ ಆಗಸ್ಟ್ 1ರಂದು ತಿಲಕರು ತೀರಿಕೊಂಡರು. ಅದೇ ದಿನ ಗಾಂಧೀಜಿಯವರ ಅಸಹಕಾರ ಚಳವಳಿ ಶುರುವಾಯಿತು. ಆಗಸ್ಟ್ 14ಕ್ಕೆ ಆಂಟ್‌ವರ್ಪ್‌ನಲ್ಲಿ ಉದ್ಘಾಟನೆ. ಐದು ಉಂಗುರಗಳ ಒಲಿಂಪಿಕ್ ಧ್ವಜ ಕ್ರೀಡಾಕೂಟದಲ್ಲಿ ಮೊದಲ ಸಲ ಹಾರಿದ್ದು ಅಲ್ಲೇ. ಊರಲ್ಲಿ ಸರ್ಕಾರದ ವಿರುದ್ಧ ಎದ್ದು ನಿಂತ ಜನ, ಇಲ್ಲಿ ಅದೇ ಸರ್ಕಾರದ ಆಳ್ವಿಕೆಯ 'ಇಂಡಿಯಾ' ಹೆಸರಿನಲ್ಲಿ ಸಾಲಾಗಿ ನಡೆಯುತ್ತಿರುವ ಆರು ಜನ. ಅವರ ಎದೆಯೊಳಗೆ ಆವತ್ತು ಏನಿತ್ತೋ! ಯಾವ ವರದಿಗಾರನೂ ಮೈಕ್ ಹಿಡಿದು ಕೇಳಲಿಲ್ಲ.

ಆಗಸ್ಟ್ 22. ತಂಪು ಹವೆ, ಮಳೆ. ಗೆರೆಯ ಹಿಂದೆ 48 ಓಟಗಾರರು. ಇವತ್ತಿನ ಮ್ಯಾರಥಾನ್ 42.195 ಕಿಲೋಮೀಟರ್ ಅಂತ ಶಾಲೆ ಹುಡುಗರಿಗೂ ಗೊತ್ತು. ಆ ದೂರ ನಿಗದಿಯಾಗಿದ್ದು 1921ರಲ್ಲಿ. ಅದಕ್ಕೂ ಮೊದಲು ಊರೂರಿಗೆ ಒಂದೊಂದು ಅಳತೆ. ಆಂಟ್‌ವರ್ಪ್‌ನಲ್ಲಿ ಅದು 42.75 ಕಿಲೋಮೀಟರ್, ಒಲಿಂಪಿಕ್ ಇತಿಹಾಸದಲ್ಲೇ ಅತಿ ಉದ್ದದ ಮ್ಯಾರಥಾನ್. ಅಂದ್ರೆ ಇವತ್ತಿನವರಿಗಿಂತ 555 ಮೀಟರ್ ಜಾಸ್ತಿ. ಅದೇನು ಮಹಾ ಅಂತೀರಾ? ಕೊನೆಯ ಅರ್ಧ ಕಿಲೋಮೀಟರ್ ಅಂದ್ರೆ ಏನು ಅಂತ ಓಡಿದವರನ್ನ ಕೇಳಿ.

ಗೆದ್ದವನು ಫಿನ್ಲೆಂಡಿನ ಹಾನ್ಸ್ ಕೊಲೆಹ್ಮೈನನ್. 2 ಗಂಟೆ 32 ನಿಮಿಷ 35.8 ಸೆಕೆಂಡ್. ಹದಿಮೂರು ಸೆಕೆಂಡ್ ಹಿಂದೆ ಎಸ್ಟೋನಿಯಾದ ಯೂರಿ ಲೋಸ್ಮನ್. ಮೂರನೆಯವನಾಗಿ ಬಂದ ಇಟಲಿಯ ವಲೇರಿಯೊ ಅರ್ರಿ ಗೆರೆ ದಾಟಿದ ಖುಷಿಗೆ ಲಾಗ ಹೊಡೆದನಂತೆ. ಪ್ರಪಂಚದ ಕಣ್ಣು ಅಲ್ಲಿಗೇ ನಿಂತುಬಿಡುತ್ತೆ, ಮೂರನೆಯವನಿಗೆ. ಆದರೆ ರಸ್ತೆ ಮೇಲೆ ಓಟ ಇನ್ನೂ ನಡೀತಿತ್ತು. 48 ಜನರಲ್ಲಿ 13 ಜನ ಅರ್ಧಕ್ಕೇ ನಿಂತರು. ನಮ್ಮ ದಾತಾರ್ ಅವರಿಗೂ ಮುಗಿಸಲು ಆಗಲಿಲ್ಲ. ಚೌಗುಲೆ ನಿಲ್ಲಲಿಲ್ಲ. ಇದೇ ಕೂಟದ 10,000 ಮೀಟರ್ ಓಟದಲ್ಲಿ ಮೊದಲ ಸುತ್ತಿಗೇ ಹೊರಬಿದ್ದಿದ್ದ ಮನುಷ್ಯ, ಕೆಲವೇ ದಿನಗಳಲ್ಲಿ ಅದರ ನಾಲ್ಕರಷ್ಟು ದೂರಕ್ಕೆ ನಿಂತು, ಪೂರ್ತಿ ಓಡಿದ. 2 ಗಂಟೆ 50 ನಿಮಿಷ 45.4 ಸೆಕೆಂಡ್. ಲೆಕ್ಕ ಹಾಕಿ. ಕಿಲೋಮೀಟರಿಗೆ ನಾಲ್ಕು ನಿಮಿಷ. ನಲವತ್ತೆರಡೂ ಮುಕ್ಕಾಲು ಕಿಲೋಮೀಟರ್, ಸರಾಸರಿ ನಾಲ್ಕು ನಾಲ್ಕು ನಿಮಿಷದ ಹಾಗೆ, ತನಗೆ ಒಂದು ಮಾತೂ ಅರ್ಥವಾಗದ ಜನರ ನಡುವೆ, ಮಳೆಯಲ್ಲಿ.

ಈ ಓಟದಲ್ಲಿ ಒಂದು ಜಾಗ ಇದೆ, ಎಲ್ಲರಿಗೂ ಬರುತ್ತೆ. ಮೂವತ್ತು ಕಿಲೋಮೀಟರ್ ಆಸುಪಾಸು. ನಾವು ತಿಂದ ಅನ್ನ ರೊಟ್ಟಿ ಸಕ್ಕರೆಯಾಗಿ ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ಕೂತಿರುತ್ತಲ್ಲ, ಗ್ಲೈಕೋಜನ್ ಅಂತಾರೆ ಅದಕ್ಕೆ. ಅದು ಸುಮಾರು ಅಷ್ಟು ದೂರಕ್ಕೆ ಖಾಲಿ ಆಗ್ತಾ ಬರುತ್ತೆ. ಆಮೇಲೆ ದೇಹ ಕೊಬ್ಬನ್ನ ಕರಗಿಸಿ ನಡೀಬೇಕು, ಅದು ನಿಧಾನ. ಕಾಲು ಸೀಸದ ಹಾಗೆ ಭಾರ, ತಲೆ ಮಂಕು. ಇವತ್ತಿನ ಓಟಗಾರರಿಗೆ ದಾರಿಯುದ್ದಕ್ಕೂ ನೀರು, ಉಪ್ಪು, ಸಿಹಿ ಜೆಲ್. ನೂರು ವರ್ಷದ ಹಿಂದೆ ಓಡುವಾಗ ನೀರು ಕುಡಿಯೋದೇ ದೌರ್ಬಲ್ಯ ಅಂತ ನಂಬಿದ್ದವರು ಬಹಳ ಜನ ಇದ್ದರು. ಚೌಗುಲೆ ಓಡಿದ ವೇಗದಲ್ಲಿ ಮೂವತ್ತನೇ ಕಿಲೋಮೀಟರ್ ಬರೋದು ಎರಡು ಗಂಟೆ ಮುಗಿಯುವ ಹೊತ್ತಿಗೆ. ಇನ್ನೂ ಐವತ್ತು ನಿಮಿಷ ಉಳಿದಿರುತ್ತೆ. ಆ ಐವತ್ತು ನಿಮಿಷವೇ ಮ್ಯಾರಥಾನ್. ಮೊದಲಿನದ್ದೆಲ್ಲ ಅಲ್ಲಿಗೆ ಹೋಗೋ ದಾರಿ.

ನಾನೇನು ಓಟಗಾರನಲ್ಲ. ಸ್ಟುಡಿಯೋದ ಕುರ್ಚಿಯಲ್ಲಿ ಕೂತು ಕೂತು ಹೊಟ್ಟೆ ಬಂದವನು. ನಲವತ್ತು ದಾಟಿದ ಮೇಲೆ ಡಾಕ್ಟರ್ ಗದರಿದ್ದಕ್ಕೆ ಓಡೋಕೆ ಶುರು ಮಾಡಿ, ಒಂದು ವರ್ಷದ ಮೇಲೆ 21 ಕಿಲೋಮೀಟರಿನ ಅರ್ಧ ಮ್ಯಾರಥಾನ್‌ಗೆ ಹೆಸರು ಕೊಟ್ಟೆ. ಹದಿನೇಳನೇ ಕಿಲೋಮೀಟರಿಗೆ ಸಾಕಪ್ಪಾ ಅನ್ನಿಸಿತು. ರಸ್ತೆ ಬದಿ ಕಲ್ಲಿನ ಮೇಲೆ ಕೂರೋಣ ಅಂತ ಕಾಲು ಆ ಕಡೆಗೇ ತಿರುಗಿತು. ಹಿಂದಿನಿಂದ ಬಂದ ಒಬ್ಬರು, ನನಗಿಂತ ಹತ್ತು ವರ್ಷ ದೊಡ್ಡವರು, ರಾಯಬಾಗದ ಕಡೆಯವರು, ಮಾತಿನಲ್ಲೇ ಗೊತ್ತಾಯ್ತು. "ಸರ, ನಿಂದರಬ್ಯಾಡ್ರಿ. ಓಡಾಕ ಆಗಲಿಲ್ಲ ಅಂದ್ರ ನಡೀರಿ. ನಿಂದರಬ್ಯಾಡ್ರಿ" ಅಂದರು. ಅಷ್ಟೇ ಹೇಳಿ ಮುಂದೆ ಹೋದರು. ನಡೆದೆ. ಸ್ವಲ್ಪ ಹೊತ್ತಿಗೆ ಓಡಿದೆ. ಮುಗಿಸಿದಾಗ ನನ್ನ ಹಿಂದೆ ಇದ್ದವರನ್ನ ಬೆರಳಲ್ಲಿ ಎಣಿಸಬಹುದಿತ್ತು. ಆದರೂ ಅವತ್ತು ಒಂದು ವಿಷಯ ತಿಳೀತು. ಒಳಗಿನ ಶಕ್ತಿ ಅಂತ ನಾವು ದೊಡ್ಡದಾಗಿ ಭಾಷಣ ಮಾಡ್ತೀವಲ್ಲ, ಅದು ಗುಡುಗು ಸಿಡಿಲಿನ ಹಾಗೆ ಬರೋದಿಲ್ಲ. ನಿಲ್ಲಬೇಕು ಅನ್ನಿಸಿದಾಗ ಇನ್ನೊಂದು ಹೆಜ್ಜೆ ಇಡ್ತೀವಲ್ಲ, ಅದರಲ್ಲೇ ಇರುತ್ತೆ. ಅದು ಇದೆ ಅಂತ ಗೊತ್ತಾಗೋದು ಮುಗಿಸಿದ ಮೇಲೆ. ಹಾಗಾಗಿ ಮೊದಲ ಓಟ ಮುಗಿಸಿದವನಿಗೆ ಅವನ ಸ್ಥಾನ ಎಷ್ಟು ಅಂತ ಕೇಳೋದು ದಡ್ಡ ಪ್ರಶ್ನೆ.

ಈಗ ಆಂಟ್‌ವರ್ಪ್‌ನ ಅದೇ ರಸ್ತೆಗೆ ವಾಪಸ್ ಹೋಗೋಣ. ಚೌಗುಲೆಗಿಂತ ಸರಿಯಾಗಿ ಎರಡು ನಿಮಿಷ ಮುಂದೆ ಇನ್ನೊಬ್ಬ ಏಷ್ಯಾದವನು ಗೆರೆ ದಾಟಿದ್ದ. ಜಪಾನಿನ ಶಿಜೋ ಕನಾಕುರಿ. 2 ಗಂಟೆ 48 ನಿಮಿಷ 45.4 ಸೆಕೆಂಡ್, ಹದಿನಾರನೇ ಸ್ಥಾನ. ಇವನ ಕಥೆ ಕೇಳಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಉರಿಬಿಸಿಲಿಗೆ ಬಸವಳಿದು, ದಾರಿಯಲ್ಲಿ ಒಂದು ಮನೆಯವರ ತೋಟದಲ್ಲಿ ಕೂತು, ಯಾರಿಗೂ ಹೇಳದೆ ಊರಿಗೆ ಹೋಗಿಬಿಟ್ಟಿದ್ದ. ಸ್ವೀಡನ್ ದಾಖಲೆಯಲ್ಲಿ ಬಹಳ ವರ್ಷ ಅವನು 'ಕಾಣೆಯಾದ ಓಟಗಾರ'. ಆ ನಾಚಿಕೆ ಹೊತ್ತವನು ಮನೆಯಲ್ಲಿ ಕೂರಲಿಲ್ಲ. 1920ರಲ್ಲಿ ವಿಶ್ವವಿದ್ಯಾಲಯದ ಹುಡುಗರಿಗಾಗಿ ಟೋಕಿಯೋದಿಂದ ಹಾಕೋನೆ ಬೆಟ್ಟದವರೆಗೆ ರಿಲೇ ಓಟ ಶುರು ಮಾಡೋದಕ್ಕೆ ನಿಂತ. ಅದೇ ಹಾಕೋನೆ ಎಕಿದೆನ್. ಇವತ್ತಿಗೂ ಪ್ರತಿ ಜನವರಿ 2 ಮತ್ತು 3ರಂದು ನಡೆಯುತ್ತೆ. ಹೋಗಿ ಬರೋದು ಸೇರಿ ಇನ್ನೂರು ಕಿಲೋಮೀಟರಿಗೂ ಮೇಲೆ. ಎರಡು ದಿನ ಟೀವಿಯಲ್ಲಿ ನೇರ ಪ್ರಸಾರ. ಹೊಸ ವರ್ಷಕ್ಕೆ ಇಡೀ ಜಪಾನ್ ಮನೆಮಂದಿಯೆಲ್ಲ ಕೂತು ಹುಡುಗರು ಓಡೋದನ್ನ ನೋಡುತ್ತೆ. 1967ರಲ್ಲಿ ಸ್ವೀಡನ್ನಿನವರು ಮುದುಕನಾಗಿದ್ದ ಕನಾಕುರಿಯನ್ನ ಕರೆಸಿ, ಅರ್ಧಕ್ಕೆ ಬಿಟ್ಟ ಓಟವನ್ನ ಮುಗಿಸಲು ಹೇಳಿದರು. ಮುಗಿಸಿದ. ಸಮಯ 54 ವರ್ಷ, 8 ತಿಂಗಳು, ಚಿಲ್ಲರೆ ದಿನ. ಜಪಾನ್ ಅವನನ್ನ ಮ್ಯಾರಥಾನ್‌ನ ಪಿತಾಮಹ ಅಂತ ಕರೆಯುತ್ತೆ.

ನೋಡಿ, ರಸ್ತೆಯ ಮೇಲೆ ಇಬ್ಬರಿಗೂ ಇದ್ದ ಅಂತರ ಎರಡು ನಿಮಿಷ. ನೆನಪಿನಲ್ಲಿ ಇರೋ ಅಂತರ ಎಷ್ಟು? ಜಪಾನ್‌ಗೂ ಅವನು ಪದಕ ತಂದುಕೊಡಲಿಲ್ಲ. ಹದಿನಾರನೆಯವನು ಅಷ್ಟೇ. ಆದರೆ ಆ ಹದಿನಾರನೇ ಸ್ಥಾನದ ಮೇಲೆ ಅವರು ಒಂದು ಓಟ ಕಟ್ಟಿದರು. ನಮ್ಮ ಹತ್ತೊಂಬತ್ತನೇ ಸ್ಥಾನದ ಮೇಲೆ ನಾವೇನು ಕಟ್ಟಿದೆವು?

ಏನೂ ಆಗಲಿಲ್ಲ ಅಂತ ಹೇಳೋದು ತಪ್ಪಾಗುತ್ತೆ. ದೊರಾಬ್‌ಜಿ ಅಲ್ಲಿಗೆ ಬಿಡಲಿಲ್ಲ. 1924ರಲ್ಲಿ ಪ್ಯಾರಿಸ್‌ಗೆ ಮತ್ತೆ ತಂಡ ಹೋಯಿತು. 1927ರಲ್ಲಿ ಭಾರತೀಯ ಒಲಿಂಪಿಕ್ ಸಂಸ್ಥೆ ಹುಟ್ಟಿತು, ದೊರಾಬ್‌ಜಿಯೇ ಮೊದಲ ಅಧ್ಯಕ್ಷ. 1928ರಲ್ಲಿ ಹಾಕಿ ಚಿನ್ನ. ಇವತ್ತು ನಾವು ಎಣಿಸೋ ಪದಕಗಳಿಗೆಲ್ಲ ಅಡಿಪಾಯ ಹಾಕಿದ್ದು ಪದಕ ತರದ ಆ ಆರು ಜನರ ತಂಡ. ಪೈಲ್ವಾನ್ ಶಿಂದೆ ನಾಲ್ಕನೇ ಸ್ಥಾನಕ್ಕೆ ಬಂದು ಪದಕ ತಪ್ಪಿಸಿಕೊಂಡರು. ಮ್ಯಾರಥಾನ್‌ನಲ್ಲಿ 1976ರ ಮಾಂಟ್ರಿಯಲ್‌ನಲ್ಲಿ ಬಿಹಾರದ ಶಿವನಾಥ್ ಸಿಂಗ್ ಹನ್ನೊಂದನೆಯವರಾದರು. ಅವರೂ ಬರಿಗಾಲಿನ ಓಟಕ್ಕೆ ಹೆಸರಾದವರೇ. 1978ರಲ್ಲಿ ಅವರು ಓಡಿದ 2 ಗಂಟೆ 12 ನಿಮಿಷದ ರಾಷ್ಟ್ರೀಯ ದಾಖಲೆ ನಾಲ್ಕು ದಶಕ ಕಳೆದರೂ ಅಲುಗಾಡಲಿಲ್ಲ. ಹೆಮ್ಮೆಯೂ ಹೌದು, ನಾಚಿಕೆಯೂ ಹೌದು.

ಇದೆಲ್ಲ ಹಳೇ ಕಥೆ, ಈಗ ಯಾಕೆ ಅಂತ ಕೇಳ್ತೀರಾ? ಹೇಳ್ತೀನಿ. ಒಂದು ಕಾರ್ಯಕ್ರಮಕ್ಕೆ ಅಥಣಿಗೆ ಹೋಗಿದ್ದಾಗ ಬೆಳಗಿನ ಜಾವ ವಿಜಯಪುರ ರಸ್ತೆಯಲ್ಲಿ ಹುಡುಗರು ಓಡ್ತಿರೋದನ್ನ ನೋಡಿದೆ. ಕಬ್ಬಿನ ಟ್ರ್ಯಾಕ್ಟರುಗಳ ಪಕ್ಕದಲ್ಲಿ, ಕತ್ತಲಲ್ಲಿ, ಮೊಬೈಲಿನಲ್ಲಿ ಸೆಕೆಂಡು ಎಣಿಸ್ತಾ. ಅವರು ಒಲಿಂಪಿಕ್ಸ್‌ಗೆ ಓಡ್ತಿಲ್ಲ. ಸೈನ್ಯದ ಭರ್ತಿಗೆ ಓಡ್ತಿದ್ದಾರೆ. 1922ರಿಂದ ಮರಾಠಾ ಲಘು ಪದಾತಿ ದಳದ ಕೇಂದ್ರ ಇರೋ ಬೆಳಗಾವಿ ಜಿಲ್ಲೆ ಇದು, ಊರೂರಲ್ಲಿ ಸೈನಿಕರ ಮನೆಗಳು. ಭರ್ತಿಯ ಓಟ 1.6 ಕಿಲೋಮೀಟರ್. 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಅಲ್ಲಿಂದ ಮುಂದೆ ಸೆಕೆಂಡುಗಳ ಲೆಕ್ಕದಲ್ಲಿ ಅಂಕ ಇಳಿಯುತ್ತೆ, ಆಮೇಲೆ ಹಗ್ಗ ಕಟ್ಟಿ ನಿಲ್ಲಿಸ್ತಾರೆ. ಒಬ್ಬ ಹುಡುಗ ತಲೆ ತಗ್ಗಿಸಿಕೊಂಡು ಹೇಳಿದ: "ಏಳ ಸೆಕೆಂಡದಾಗ ಹೋತ್ರಿ ಸರ. ಮನ್ಯಾಗ ಯಾರೂ ಮಾತಾಡ್ಲಿಲ್ರಿ ಒಂದ ವಾರ."

ಆ ಹುಡುಗನಿಗೆ ನಾನು ಹೇಳಬೇಕಾದ ಲೆಕ್ಕ ಇದು. ಫಡೆಪ್ಪ ಚೌಗುಲೆ ಆಂಟ್‌ವರ್ಪ್‌ನಲ್ಲಿ ಓಡಿದ ವೇಗದಲ್ಲಿ 1.6 ಕಿಲೋಮೀಟರ್ ಓಡಿದರೆ 6 ನಿಮಿಷ 23 ಸೆಕೆಂಡ್ ಆಗುತ್ತೆ. ನಿನಗಿಂತ ನಿಧಾನ ಕಣಪ್ಪಾ! ಆದರೆ ಅವನು ಅದೇ ದೂರವನ್ನ ನಿಲ್ಲದೆ ಇಪ್ಪತ್ತಾರು ಸಲ ಓಡಿದ, ಆಮೇಲೂ ಒಂದು ಕಿಲೋಮೀಟರ್ ಉಳಿದಿತ್ತು. ಭರ್ತಿಯವರ ಗಡಿಯಾರ ಸುಳ್ಳು ಹೇಳೋದಿಲ್ಲ. ಸೈನ್ಯಕ್ಕೆ ಒಂದು ಅಳತೆ ಬೇಕು, ಅದು ಅವರ ಅಳತೆ. ಆದರೆ ಅದು ಮನುಷ್ಯನ ಪೂರ್ತಿ ಅಳತೆ ಅಲ್ಲ. ಐದೂವರೆ ನಿಮಿಷದಲ್ಲಿ ಕಾಣದ ಶಕ್ತಿ ಮೂರನೇ ಗಂಟೆಯಲ್ಲಿ ಕಾಣಬಹುದು. ವರ್ಷಗಟ್ಟಲೆ ನಸುಕಿನಲ್ಲಿ ಎದ್ದು ಓಡಿದ ಹುಡುಗನ ಮೈಯಲ್ಲಿ ಅದು ಆಗಲೇ ಬಂದು ಕೂತಿದೆ. ಅದನ್ನ ಹೊರಗೆ ತೆಗೆಯೋ ಇನ್ನೊಂದು ಓಟವನ್ನ ನಾವು ಅವನ ಮುಂದೆ ಇಟ್ಟಿಲ್ಲ, ಅಷ್ಟೇ.

ಹಾಗಾದ್ರೆ ಏನು ಮಾಡಬಹುದು? ಸರ್ಕಾರ ಕೋಟಿ ಸುರಿಯಲಿ, ಕ್ರೀಡಾಂಗಣ ಕಟ್ಟಲಿ ಅಂತ ನಾನು ಕೇಳ್ತಿಲ್ಲ. ಅಥಣಿ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ, ಈ ಐದು ಊರುಗಳ ನಡುವೆ ರಸ್ತೆ ಇದೆ. ಓಡೋ ಹುಡುಗರಿದ್ದಾರೆ, ಹುಡುಗಿಯರೂ ಇದ್ದಾರೆ. ಕೃಷ್ಣೆ ಇದ್ದಾಳೆ, ಕಬ್ಬಿನ ಗದ್ದೆ ಇದೆ, ದಾರಿಯಲ್ಲಿ ನೀರು ಮಜ್ಜಿಗೆ ಕೊಡೋ ಕೈಗಳಂತೂ ಬೇಕಾದಷ್ಟಿವೆ. ಕಾಲೇಜುಗಳು ಸೇರಿ ವರ್ಷಕ್ಕೊಂದು ಸಲ ಒಂದು ದೂರದ ಓಟ ಇಡಲಿ. ಗಡಿಯಾಚೆಯ ಮಿರಜ್, ಜತ್ತದ ಮಕ್ಕಳನ್ನೂ ಕರೆಯಲಿ. ಅದಕ್ಕೆ ಫಡೆಪ್ಪ ಚೌಗುಲೆಯ ಹೆಸರಿಡಲಿ. ಒಂದೇ ಒಂದು ನಿಯಮ ಜಾಸ್ತಿ ಇರಲಿ: ಗೆದ್ದ ಮೂವರ ಹೆಸರಿನ ಜೊತೆ, ಹತ್ತೊಂಬತ್ತನೆಯವರಾಗಿ ಮುಗಿಸಿದವರ ಹೆಸರನ್ನೂ ಮೈಕಿನಲ್ಲಿ ಕೂಗಬೇಕು.

ಅಂಥ ಓಟ ನಡೆದರೆ ಕ್ಯಾಮೆರಾ ತರೋ ಜವಾಬ್ದಾರಿ ನನ್ನದು. ಕೊನೆಯವನು ಬರೋವರೆಗೂ ಅದನ್ನ ಆಫ್ ಮಾಡೋದಿಲ್ಲ.